ಅಂಗೈಯ ಯಂತ್ರಕ್ಕೆ ಸ್ಥಿರತೆ ಎಂದರೇನು?

ಕಳೆದ ಮಳೆಗಾಲದಲ್ಲಿ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಲೋಲಕದ ಪ್ರಯೋಗವನ್ನು ಹೊಸ ರೀತಿಯಲ್ಲಿ ಮಾಡಿಸಿ ನೋಡಬೇಕೆಂದು ನನಗೆ ತೋರಿತು. ಹಿತ್ತಾಳೆಯ ಗುಂಡಿಗೆ ಬದಲಾಗಿ ವಿದ್ಯಾರ್ಥಿಗಳ ಫೋನನ್ನೇ ಬಟ್ಟೆಯ ಚೀಲದಲ್ಲಿಟ್ಟು, ಉದ್ದವಾದ ದಾರಕ್ಕೆ ಕಟ್ಟಿ ತೂಗಾಡಿಸುವುದು, ಫೋನಿನೊಳಗಿರುವ ವೇಗೋತ್ಕರ್ಷಮಾಪಕವು ಆ ತೂಗಾಟವನ್ನು ದಾಖಲಿಸುವುದು, ದಾಖಲೆಯಿಂದ ಆವರ್ತಕಾಲವನ್ನೂ, ಆವರ್ತಕಾಲದಿಂದ ಗುರುತ್ವ ವೇಗೋತ್ಕರ್ಷವನ್ನೂ ಲೆಕ್ಕಹಾಕುವುದು, ಇಷ್ಟೇ ಪ್ರಯೋಗ. ಎರಡು ಫೋನುಗಳನ್ನು ತೂಗುಹಾಕಿದೆವು. ಒಂದು, ಪೇಟೆಯ ಹುಡುಗನೊಬ್ಬನದು, ಹೊಸದು, ಬೆಲೆಯುಳ್ಳದ್ದು. ಇನ್ನೊಂದು, ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುವ ವಿದ್ಯಾರ್ಥಿನಿಯದು. ಅಗ್ಗದ್ದು, ಅಣ್ಣನ ಕೈದಾಟಿ ಅವಳಿಗೆ ಬಂದದ್ದು. ಇಬ್ಬರೂ ತಮಗೆ ದೊರೆತ ಬೇರೆ ಬೇರೆ ಆಪ್‌ಗಳನ್ನು ಹಾಕಿಕೊಂಡಿದ್ದರು.

ಹತ್ತು ನಿಮಿಷ ಕಳೆಯುವುದರೊಳಗೆ ಎರಡು ಫೋನುಗಳೂ ಕೈಕೊಟ್ಟವು. ಹುಡುಗನ ಫೋನಿಗೆ ಕರೆಯೊಂದು ಬಂದಿತು. ಆತ ಅದನ್ನು ಚೀಲದಿಂದ ತೆಗೆದು ಮಾತನಾಡಿ, ಕೈಯಲ್ಲಿದ್ದುದರಿಂದ ಪ್ರಯೋಗದ ಒಂದೆರಡು ಚಿತ್ರಗಳನ್ನೂ ತೆಗೆದು, ಮತ್ತೆ ಆಪ್‌ಗೆ ಹಿಂದಿರುಗಿದಾಗ ಅದು ಮೊದಲಿನಿಂದ ಆರಂಭವಾಯಿತು. ಅದುವರೆಗಿನ ಅಳತೆಗಳೆಲ್ಲ ಮಾಯ. "ಹ್ಯಾಂಗ್ ಆಯಿತು, ಸಾರ್" ಎಂದ. ವಿದ್ಯಾರ್ಥಿನಿಯ ಫೋನಿನ ಗತಿ ಇನ್ನೂ ಕೆಟ್ಟದಾಗಿ ಕಂಡಿತು. ಬ್ಯಾಟರಿಯಲ್ಲಿ ಕಾಲುಭಾಗ ಉಳಿದಿದೆಯೆಂದು ತೋರಿಸುತ್ತಿದ್ದಾಗಲೇ ಅದು ತಟ್ಟನೆ ಆರಿಹೋಯಿತು. ಆದರೆ ಚಾರ್ಜರಿಗೆ ಸಿಕ್ಕಿಸಿ ಅದನ್ನು ಮತ್ತೆ ಎಬ್ಬಿಸಿದಾಗ, ಆರಿದ ಕ್ಷಣದವರೆಗಿನ ಅಳತೆಗಳೆಲ್ಲ ಒಂದೂ ತಪ್ಪದೆ ಅಲ್ಲಿದ್ದವು! "ಹಾಗಾದರೆ ಯಾವುದು ಗಟ್ಟಿ, ಸಾರ್? ಯಾವ ಓಎಸ್ ಒಳ್ಳೆಯದು?" ಎಂದು ತರಗತಿಯವರು ಕೇಳುವ ಹೊತ್ತಿಗೆ ಗಂಟೆ ಹೊಡೆಯಿತು. ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯಲು ಯತ್ನಿಸಿದ್ದೇನೆ.

ಓಎಸ್ ಎಂದರೆ ಆಪರೇಟಿಂಗ್ ಸಿಸ್ಟಂ. ಕಾರ್ಯಾಚರಣ ವ್ಯವಸ್ಥೆಯೆಂದು ಕನ್ನಡದಲ್ಲಿ ಹೇಳುತ್ತಾರೆ. ಯಂತ್ರದ ಪ್ರೊಸೆಸರು, ಸ್ಮೃತಿ ಅಥವಾ ಮೆಮೊರಿ, ಪರದೆ, ರೇಡಿಯೊ, ಬ್ಯಾಟರಿ ಇವನ್ನು ನಾನಾ ಪ್ರೋಗ್ರಾಮುಗಳಿಗೆ ಹಂಚಿಕೊಟ್ಟು, ಒಂದು ಇನ್ನೊಂದರ ಪಾಲನ್ನು ಕಸಿಯದಂತೆ ನೋಡಿಕೊಳ್ಳುವ ಯಜಮಾನ ಪ್ರೋಗ್ರಾಮು ಅದು. ಯಾವ ಯಜಮಾನ ಉತ್ತಮನೆಂಬ ವಾದ ನಮ್ಮ ಹಾಸ್ಟೆಲುಗಳಲ್ಲಿ ರಾತ್ರಿಯೆಲ್ಲ ನಡೆಯುತ್ತದೆ. ವಾದಿಸುವವರು ಬಳಸುವ ಅಳತೆಗೋಲು ಮಾತ್ರ ಒಂದೇ: "ನನ್ನದು ಎಂದೂ ನಿಂತಿಲ್ಲ, ನಿನ್ನದು ನಿಲ್ಲುತ್ತದೆ." ಈ ಅಳತೆಗೋಲೇ ತಪ್ಪೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣವನ್ನು ಭೌತವಿಜ್ಞಾನದ ಅತ್ಯಂತ ಮೊದಲ ಪಾಠವೊಂದರಿಂದಲೇ ಹೇಳಬಹುದು.

ಶಂಕುವಿನ ಆಕಾರದ ಮರದ ತುಂಡೊಂದನ್ನು ಮೂರು ವಿಧವಾಗಿ ಮೇಜಿನ ಮೇಲಿಡಬಹುದೆಂದು ನೀವು ಓದಿದ್ದೀರಿ. ಬುಡದ ಮೇಲಿಟ್ಟರೆ ಸ್ಥಿರ ಸಮತೋಲನ, ಮಗ್ಗುಲಾಗಿ ಮಲಗಿಸಿದರೆ ತಟಸ್ಥ, ತುದಿಯ ಮೇಲೆ ನಿಲ್ಲಿಸಬಲ್ಲಿರಾದರೆ ಅಸ್ಥಿರ. ಇಲ್ಲಿ ಅನೇಕರು ಗಮನಿಸದ ಒಂದು ಸೂಕ್ಷ್ಮವಿದೆ. ಯಾರೂ ಮುಟ್ಟದೆ ಇರುವಾಗ ಈ ಮೂರಕ್ಕೂ ಏನೊಂದು ವ್ಯತ್ಯಾಸವೂ ಇಲ್ಲ, ಮೂರೂ ನಿಶ್ಚಲವೇ. ವ್ಯತ್ಯಾಸವು ಪ್ರಕಟವಾಗುವುದು ಬೆರಳಿನಿಂದ ಸ್ವಲ್ಪ ತಳ್ಳಿದಾಗ. ತಳ್ಳಿದ ಮೇಲೆ ಯಾವುದು ತನ್ನ ಸ್ಥಾನಕ್ಕೆ ತಾನೇ ಹಿಂದಿರುಗುವುದೋ ಅದು ಸ್ಥಿರ. ಬಟ್ಟಲಿನ ತಳದಲ್ಲಿರುವ ಗೋಲಿ ಇದಕ್ಕೆ ಇನ್ನೂ ಒಳ್ಳೆಯ ಉದಾಹರಣೆ: ಅದು ಸದಾ ಅಲ್ಲಾಡುತ್ತಲೇ ಇರಬಹುದು, ಆದರೂ ಸ್ಥಿರ. ಹೀಗಿರಲು, ಒಂದು ಫೋನು ಎಷ್ಟು ಸಾರಿ ಅಲುಗಿತೆಂದು ಎಣಿಸುವುದರಿಂದ ಅದರ ಸ್ಥಿರತೆ ತಿಳಿಯದು. ಅಲುಗಿದ ಮೇಲೆ ಏನಾಯಿತು, ಎಷ್ಟು ಬೇಗ ಎದ್ದಿತು, ಏಳುವಾಗ ಒಡೆಯನ ಸೊತ್ತಿನಲ್ಲಿ ಎಷ್ಟನ್ನು ಉಳಿಸಿಕೊಂಡು ಬಂದಿತು, ಇವನ್ನು ಕೇಳಬೇಕು. ಈ ದೃಷ್ಟಿಯಿಂದ, ಆರಿಹೋದ ಫೋನೇ ಅಂದು ಹೆಚ್ಚು ಸ್ಥಿರವಾಗಿ ನಡೆದುಕೊಂಡಿತು.

ಅಂಗೈಯಲ್ಲಿ ಹಿಡಿಯುವ ಯಂತ್ರಕ್ಕೆ ಬೀಳುವ ನೂಕುಗಳು ಮೇಜಿನ ಕಂಪ್ಯೂಟರಿಗೆ ಬೀಳುವುದಕ್ಕಿಂತ ಹೆಚ್ಚು. ಅದನ್ನು ಯಾರೂ ಸಾಯಂಕಾಲ ಆರಿಸಿ ಬೆಳಗ್ಗೆ ಹೊತ್ತಿಸುವುದಿಲ್ಲ. ತಿಂಗಳುಗಟ್ಟಲೆ ಅದು ಎಚ್ಚರವಾಗಿಯೇ ಇರಬೇಕು. ಸ್ಮೃತಿ ಚಿಕ್ಕದು. ಮೇಜಿನ ಯಂತ್ರವು ಸ್ಮೃತಿ ತುಂಬಿದಾಗ ಹೆಚ್ಚಾದುದನ್ನು ಡಿಸ್ಕಿನ ಮೇಲೆ ಇಳಿಸಿಡುತ್ತದೆ. ಕೈಯ ಯಂತ್ರಗಳಿಗೆ ಬಹುಕಾಲ ಆ ಅನುಕೂಲ ಇರಲಿಲ್ಲ. ಇವೆಲ್ಲಕ್ಕಿಂತ ಮಿಗಿಲಾಗಿ, ಅದರ ಅನ್ನವೆಲ್ಲ ಒಂದು ತೆಳ್ಳನೆಯ ಬ್ಯಾಟರಿಯಿಂದ ಬರಬೇಕು. ಈ ಕಷ್ಟಗಳನ್ನು ಬೇರೆ ಬೇರೆ ವ್ಯವಸ್ಥೆಗಳು ಬೇರೆ ಬೇರೆ ತತ್ತ್ವಗಳಿಂದ ಎದುರಿಸಿವೆ. ಆ ತತ್ತ್ವಗಳನ್ನು ಹೋಲಿಸಿ ನೋಡುವುದರಲ್ಲಿ ಹುರುಳಿದೆ. ಲಾಂಛನಗಳನ್ನು ಹೋಲಿಸುವುದರಲ್ಲಿ ಇಲ್ಲ.

ಮೊದಲು ಪಾಮ್ ವ್ಯವಸ್ಥೆಯನ್ನು ನೋಡೋಣ. 1996ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಪೈಲಟ್ ಎಂಬ ಯಂತ್ರ ಅಂಗಿಯ ಜೇಬಿನಲ್ಲಿ ಹಿಡಿಸುವಂತಹುದು. ಅದರ ನಿರ್ಮಾತೃಗಳಲ್ಲೊಬ್ಬನಾದ ಜೆಫ್ ಹಾಕಿನ್ಸ್, ಯಂತ್ರ ಇನ್ನೂ ಹುಟ್ಟುವ ಮೊದಲೇ ಅದರ ಅಳತೆಯ ಮರದ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿ, ಬೇಕಾದಾಗ ಹೊರತೆಗೆದು ಅದರ ಮೇಲೆ ಬರೆಯುವಂತೆ ನಟಿಸುತ್ತಿದ್ದನಂತೆ. ಯಂತ್ರದ ಪ್ರೊಸೆಸರಿನ ವೇಗ 16 ಮೆಗಾಹರ್ಟ್ಸ್. ಅತ್ಯಂತ ಅಗ್ಗದ ಮಾದರಿಯ ಸ್ಮೃತಿ 128 ಕಿಲೋಬೈಟು. ಈಗ ನೀವು ತೆಗೆಯುವ ಒಂದು ಛಾಯಾಚಿತ್ರಕ್ಕೂ ಅಷ್ಟು ಜಾಗ ಸಾಲದು. ಆದರೂ ಎರಡು ಸಣ್ಣ ಶುಷ್ಕ ಕೋಶಗಳಿಂದ ಅದು ವಾರಗಟ್ಟಲೆ ನಡೆಯುತ್ತಿತ್ತು. ಗುಂಡಿ ಒತ್ತಿದ ಕ್ಷಣದಲ್ಲಿ ವಿಳಾಸ ಪುಸ್ತಕ ತೆರೆಯುತ್ತಿತ್ತು. ಇದರ ಗುಟ್ಟೇನೆಂದರೆ, ಅದು ಒಂದು ಹೊತ್ತಿಗೆ ಒಂದೇ ಪ್ರೋಗ್ರಾಮನ್ನು ನಡೆಸುತ್ತಿತ್ತು. ಸ್ಪರ್ಧೆಯೇ ಇಲ್ಲದ ಮೇಲೆ ಜಗಳವೆಲ್ಲಿಂದ ಬಂದೀತು?

ಆದರೆ ಪ್ರೋಗ್ರಾಮಿಗೂ ವ್ಯವಸ್ಥೆಗೂ ನಡುವೆ ಅಲ್ಲಿ ಗೋಡೆ ಇರಲಿಲ್ಲ. ಸ್ಮೃತಿಯನ್ನು ಕೋಣೆಗಳಾಗಿ ವಿಭಾಗಿಸಿ, ಒಬ್ಬರ ಕೋಣೆಗೆ ಇನ್ನೊಬ್ಬರು ಕಾಲಿಡದಂತೆ ತಡೆಯುವ ಘಟಕವು ಆ ಪ್ರೊಸೆಸರಿನಲ್ಲಿ ಇರಲೇ ಇಲ್ಲ. ಎಲ್ಲಿಂದಲೋ ತಂದು ಹಾಕಿದ ಒಂದು ಆಟದ ಪ್ರೋಗ್ರಾಮು ತಪ್ಪಾದ ಸ್ಥಳದಲ್ಲಿ ಒಂದು ಸಂಖ್ಯೆಯನ್ನು ಬರೆದರೆ ಇಡೀ ಯಂತ್ರವೇ ಸ್ತಬ್ಧವಾಗುತ್ತಿತ್ತು. ಆಗ ಯಂತ್ರದ ಬೆನ್ನಿನಲ್ಲಿದ್ದ ಸಣ್ಣ ರಂಧ್ರದೊಳಕ್ಕೆ ತಂತಿಯ ತುದಿಯನ್ನು ತೂರಿಸಿ ಒತ್ತಬೇಕಾಗಿತ್ತು. ಅಂತಹ ರಂಧ್ರವನ್ನು ಇಟ್ಟುದೇ ಬೀಳುವುದು ಖಂಡಿತವೆಂಬುದರ ಒಪ್ಪಿಗೆ. ಆದರೆ ಪಾಮ್‌ನ ಪರವಾಗಿ ಒಂದು ಮಾತನ್ನು ಹೇಳಲೇಬೇಕು: ಬರೆದ ವಿಳಾಸವೂ ದಿನಚರಿಯೂ ಬರೆದಾಗಲೇ ತಮ್ಮ ಸ್ಥಾನವನ್ನು ಸೇರಿಬಿಡುತ್ತಿದ್ದುದರಿಂದ, ಹೀಗೆ ಒತ್ತಿ ಎಬ್ಬಿಸಿದ ಯಂತ್ರವು ಕೆಲವೇ ಸೆಕೆಂಡುಗಳಲ್ಲಿ ಎಲ್ಲವನ್ನೂ ಹೊತ್ತು ಎದ್ದು ಕೂರುತ್ತಿತ್ತು. ಬಟ್ಟಲು ಆಳವಾಗಿರಲಿಲ್ಲ, ಆದರೆ ಇತ್ತು. ಕೋಶಗಳು ಪೂರ್ತಿ ಬರಿದಾದರೆ ಮಾತ್ರ ಸ್ಮೃತಿಯಲ್ಲಿದ್ದುದೆಲ್ಲವೂ ಅಳಿದುಹೋಗುತ್ತಿತ್ತು.

ಅದೇ 1996ರಲ್ಲಿ ಹೊರಬಂದ ವಿಂಡೋಸ್ ಸಿಇ ವ್ಯವಸ್ಥೆ ಇದಕ್ಕೆ ವಿರುದ್ಧವಾದ ಹಾದಿ ಹಿಡಿಯಿತು. ಮೇಜಿನ ಕಂಪ್ಯೂಟರಿನ ಅನುಭವವನ್ನೇ ಅಂಗೈಗೆ ಇಳಿಸುವುದು ಅದರ ಆಸೆ. ಹಲವು ಪ್ರೋಗ್ರಾಮುಗಳು ಒಟ್ಟಿಗೆ ನಡೆಯಬಲ್ಲವಾಗಿದ್ದರೂ ಐದನೆಯ ಆವೃತ್ತಿಯವರೆಗೆ ಅವುಗಳ ಸಂಖ್ಯೆ 32ನ್ನು ಮೀರುವಂತಿರಲಿಲ್ಲ. 2006ರ ಆರನೆಯ ಆವೃತ್ತಿಯಲ್ಲಿ ಆ ಕಟ್ಟು ಸಡಿಲವಾಯಿತು. ಅದನ್ನಾಧರಿಸಿದ ಪಾಕೆಟ್ ಪಿಸಿಗಳಲ್ಲಿ ಮೂಲೆಯ ಗುಣಾಕಾರ ಚಿಹ್ನೆಯನ್ನು ಒತ್ತಿದರೆ ಪ್ರೋಗ್ರಾಮು ಮುಚ್ಚುತ್ತಿರಲಿಲ್ಲ, ಬರಿದೆ ಮರೆಯಾಗುತ್ತಿತ್ತು. ಹೀಗೆ ಮರೆಯಲ್ಲಿ ಕುಳಿತವು ಒಂದೊಂದಾಗಿ ಸೇರಿ ಯಂತ್ರವನ್ನು ನಿಧಾನಗೊಳಿಸುತ್ತಿದ್ದವು. ಯಾವುದನ್ನು ಮುಚ್ಚಬೇಕೆಂಬ ಚಿಂತೆಯನ್ನು ಬಳಸುವವನ ತಲೆಗೆ ಕಟ್ಟಿದ ವ್ಯವಸ್ಥೆಯಿದು. ಈ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ.

ಸಿಂಬಿಯನ್ನಿನ ಕತೆ ಬೇರೆ. ಇಂಗ್ಲೆಂಡಿನ ಸಯಾನ್ ಕಂಪನಿಯು ತನ್ನ ಕೈಗಣಕಗಳಿಗಾಗಿ ಕಟ್ಟಿದ ವ್ಯವಸ್ಥೆಯೇ ಇದರ ಮೂಲ. 1998ರಲ್ಲಿ ಸಯಾನ್, ನೋಕಿಯಾ, ಎರಿಕ್ಸನ್, ಮೋಟೊರೋಲಾಗಳು ಕೂಡಿ ಸಿಂಬಿಯನ್ ಸಂಸ್ಥೆಯನ್ನು ಸ್ಥಾಪಿಸಿದವು. ಈ ವ್ಯವಸ್ಥೆಯನ್ನು ರಚಿಸಿದವರು ನಿಜವಾದ ಎಂಜಿನಿಯರರು. ತಮ್ಮ ಯಂತ್ರ ವರ್ಷವಿಡೀ ಆರದೆ ನಡೆಯಬೇಕು, ಸ್ಮೃತಿ ಮುಗಿದರೂ ಒಡೆಯನ ಒಂದಕ್ಷರವೂ ಕಳೆಯಬಾರದು ಎಂಬ ಹಟ ಅವರದಾಗಿತ್ತು. ಪ್ರೋಗ್ರಾಮುಗಳ ನಡುವೆ ಗೋಡೆಗಳನ್ನು ಕಟ್ಟಿದರು. ಅಷ್ಟಕ್ಕೇ ತೃಪ್ತರಾಗದೆ, ಪ್ರೋಗ್ರಾಮು ಬರೆಯುವವನಿಗೂ ಕಠಿಣವಾದ ಶಿಸ್ತನ್ನು ವಿಧಿಸಿದರು. ಸ್ಮೃತಿಯ ಒಂದು ತುಣುಕನ್ನು ಪಡೆದ ಕೂಡಲೇ, ಕೆಲಸ ನಡುವೆ ಕೆಟ್ಟರೆ ಅದನ್ನು ಹಿಂದಕ್ಕೆ ಕೊಡಬೇಕೆಂದು ಒಂದು ಪಟ್ಟಿಯಲ್ಲಿ ಬರೆದಿಡಬೇಕು. ಕೆಲಸ ನೆಟ್ಟಗೆ ಮುಗಿದರೆ ಆ ಟಿಪ್ಪಣಿಯನ್ನು ತಾನೇ ತೆಗೆಯಬೇಕು. ಒಂದು ಸಾಲು ಅಕ್ಷರಗಳನ್ನು ಇಟ್ಟುಕೊಳ್ಳುವುದಕ್ಕೂ ಹಲವು ಬಗೆಯ ವಿಧಿಗಳು. ನಮ್ಮ ಹಳೆಯ ಮನೆಗಳ ಮಡಿಯನ್ನು ನೆನಪಿಗೆ ತರುವ ಶಿಸ್ತು ಅದು.

ಮಡಿಯನ್ನು ತಪ್ಪದೆ ಪಾಲಿಸಬಲ್ಲವರ ಕೈಯಲ್ಲಿ ಸಿಂಬಿಯನ್ ಫೋನುಗಳು ಅದ್ಭುತವಾಗಿ ನಡೆದವು; ನಮ್ಮ ದೇಶದಲ್ಲಿಯೂ ಅವನ್ನು ಬಳಸಿದವರು ಬ್ಯಾಟರಿಯ ದೀರ್ಘಾಯುಷ್ಯವನ್ನು ಈಗಲೂ ನೆನೆಯುತ್ತಾರೆ. ಆದರೆ ಸ್ಥಿರತೆಯ ಹೊಣೆಯನ್ನೆಲ್ಲ ಪ್ರೋಗ್ರಾಮು ಬರೆಯುವವನ ನಿಷ್ಠೆಯ ಮೇಲೆ ಹೊರಿಸಿದುದರ ಫಲ ಬೇಗನೆ ಕಂಡಿತು. ಬರೆಯಬಲ್ಲವರು ಕಡಮೆಯಾದರು, ಬರೆದವರಲ್ಲಿಯೂ ಪೂರ್ತಿ ನಿಷ್ಠರು ಇನ್ನೂ ಕಡಮೆ. 2004ರಲ್ಲಿ ಕಾಬಿರ್ ಎಂಬ ಕ್ರಿಮಿಪ್ರೋಗ್ರಾಮು ಬ್ಲೂಟೂತಿನ ಮೂಲಕ ಫೋನಿನಿಂದ ಫೋನಿಗೆ ಹರಡಿತು. ಅದು ಒಳಬರುವ ಮುನ್ನ ಅನುಮತಿ ಕೇಳುತ್ತಿತ್ತು, ಜನರು ಕೊಡುತ್ತಿದ್ದರು! ಅನಂತರದ ಒಂಬತ್ತನೆಯ ಆವೃತ್ತಿಯಲ್ಲಿ ಯಾವ ಪ್ರೋಗ್ರಾಮಿಗೆ ಏನು ಅಧಿಕಾರವೆಂಬುದನ್ನು ಬಿಗಿಗೊಳಿಸಿದರೂ, 2011ರ ಫೆಬ್ರವರಿಯಲ್ಲಿ ನೋಕಿಯಾ ತಾನು ವಿಂಡೋಸ್ ಫೋನಿನ ಕಡೆಗೆ ತಿರುಗುವುದಾಗಿ ಘೋಷಿಸಿದಾಗ ಸಿಂಬಿಯನ್ನಿನ ಭವಿಷ್ಯ ಮುಗಿಯಿತು. ಹಗ್ಗದ ಮೇಲೆ ನಡೆಯುವ ದೊಂಬರವನು ಬೀಳುವುದಿಲ್ಲ, ನಿಜ. ಆದರೆ ಅದು ಹಗ್ಗದ ಸ್ಥಿರತೆಯಲ್ಲ, ನಡೆಯುವವನ ಸಾಮರ್ಥ್ಯ.

ಈ ನಡುವೆ ನಮ್ಮ ಬೆಂಗಳೂರಿನಲ್ಲೇ ನಡೆದ ಒಂದು ಪ್ರಯತ್ನವನ್ನು ಮರೆಯಲಾಗದು. ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ವಿಜ್ಞಾನಿಗಳೂ ಎನ್‌ಕೋರ್ ಎಂಬ ಕಂಪನಿಯವರೂ ಕೂಡಿ, ಓದುಬರಹ ಹೆಚ್ಚು ತಿಳಿಯದವರೂ ಬಳಸಬಹುದಾದ ಸಿಂಪ್ಯೂಟರ್ ಎಂಬ ಕೈಗಣಕದ ಮಾದರಿಯನ್ನು 2001ರಲ್ಲಿ ಜನರ ಮುಂದಿಟ್ಟರು. ಅದಕ್ಕೆ ಅವರು ಆರಿಸಿಕೊಂಡ ವ್ಯವಸ್ಥೆ ಲಿನಕ್ಸ್. ಸ್ಪರ್ಶದ ಪರದೆ, ಹಲವರು ಒಂದೇ ಯಂತ್ರವನ್ನು ಹಂಚಿಕೊಳ್ಳಲು ಅನುಕೂಲವಾದ ಸ್ಮಾರ್ಟ್ ಕಾರ್ಡು, ಕನ್ನಡವೇ ಮೊದಲಾದ ಭಾಷೆಗಳ ಬರಹವನ್ನು ಓದಿ ಹೇಳಿಸುವ ಯತ್ನ, ಎಲ್ಲವೂ ಅದರಲ್ಲಿದ್ದವು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾಗಿ 'ಅಮಿಡಾ' ಎಂಬ ಹೆಸರಿನಿಂದ ಮಾರುಕಟ್ಟೆಗೂ ಬಂದಿತು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಆದರೂ ಅಂಗೈಯ ಯಂತ್ರಕ್ಕೆ ಲಿನಕ್ಸ್ ತಕ್ಕುದೆಂಬ ಅವರ ತೀರ್ಮಾನ ತಪ್ಪಾಗಿರಲಿಲ್ಲವೆಂಬುದನ್ನು ನಾಲ್ಕೇ ವರ್ಷಗಳಲ್ಲಿ ಜಗತ್ತೇ ತೋರಿಸಿಕೊಟ್ಟಿತು.

2007ರಲ್ಲಿ ಐಫೋನೂ 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನೂ ಬಂದವು. ಇವೆರಡನ್ನೂ ಜನ ಹಾವು ಮುಂಗುಸಿಗಳೆಂದು ತಿಳಿದಿದ್ದಾರೆ. ಆದರೆ ವಂಶವೃಕ್ಷವನ್ನು ನೋಡಿದರೆ ಎರಡೂ ದಾಯಾದಿಗಳು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಮ್ಸನ್, ಡೆನಿಸ್ ರಿಚಿ ಮೊದಲಾದವರು ಆರಂಭಿಸಿದ ಯುನಿಕ್ಸ್ ಸಂಪ್ರದಾಯಕ್ಕೆ ಐಫೋನಿನ ತಿರುಳೂ ಸೇರಿದೆ. ಆಂಡ್ರಾಯ್ಡಿನ ತಿರುಳಾದ ಲಿನಕ್ಸೂ ಸೇರಿದೆ. ಒಂದೇ ದೊಡ್ಡ ಕಂಪ್ಯೂಟರನ್ನು ಹಲವು ಮಂದಿ ಹಂಚಿಕೊಳ್ಳುತ್ತಿದ್ದ ಕಾಲದ ಸಂಪ್ರದಾಯವದು. ಒಬ್ಬನ ಕಡತವನ್ನು ಇನ್ನೊಬ್ಬನು ನೋಡಬಾರದು, ಒಬ್ಬನ ತಪ್ಪಿನಿಂದ ಇನ್ನೊಬ್ಬನ ಕೆಲಸ ಕೆಡಬಾರದು ಎಂಬುದಕ್ಕಾಗಿ ಬಳಕೆದಾರರ ನಡುವೆ ಗೋಡೆಗಳನ್ನು ಕಟ್ಟಿದ್ದರು. ಆಂಡ್ರಾಯ್ಡ್ ರಚಿಸಿದವರು ಇಲ್ಲಿ ಒಂದು ಚಮತ್ಕಾರ ಮಾಡಿದರು. ಫೋನಿಗೆ ಒಡೆಯನು ಒಬ್ಬನೇ. ಆದರೂ ಅದರಲ್ಲಿರುವ ಪ್ರತಿಯೊಂದು ಆಪ್ ಅನ್ನೂ ಒಬ್ಬ ಪ್ರತ್ಯೇಕ ಬಳಕೆದಾರನೆಂದೇ ಲಿನಕ್ಸಿಗೆ ಪರಿಚಯಿಸಿದರು. ಅಪರಿಚಿತ ಬಾಡಿಗೆದಾರರು ತುಂಬಿದ ವಠಾರದಂತೆ ಪ್ರತಿಯೊಂದಕ್ಕೂ ಬೇರೆ ಕೋಣೆ, ಬೇರೆ ಬೀಗ. ಐಫೋನಿನಲ್ಲಿ ಬೀಗದ ರೀತಿ ಬೇರೆ. ಕೋಣೆಗಳು ಅಲ್ಲಿಯೂ ಉಂಟು.

ಗೋಡೆಗಳಿಗಿಂತ ಮುಖ್ಯವಾದ ತತ್ತ್ವ ಇನ್ನೊಂದಿದೆ. ಮೊದಲ ಐಫೋನಿನ ಸ್ಮೃತಿ 128 ಮೆಗಾಬೈಟು, ಮೊದಲ ಆಂಡ್ರಾಯ್ಡ್ ಫೋನಿನದು 192. ತೆರೆದ ಆಪ್‌ಗಳೆಲ್ಲ ಅಷ್ಟರಲ್ಲಿ ಬದುಕುವುದು ಅಸಾಧ್ಯ. ಸಿಂಬಿಯನ್ ಆಗಿದ್ದರೆ ಪ್ರತಿಯೊಂದು ಪ್ರೋಗ್ರಾಮೂ ಮಿತವ್ಯಯದಿಂದ ನಡೆಯಲಿ ಎಂದು ಬೋಧಿಸುತ್ತಿತ್ತು. ಈ ಹೊಸ ವ್ಯವಸ್ಥೆಗಳು ಬೋಧನೆಯನ್ನು ಬಿಟ್ಟು, ಮರಣವನ್ನೇ ದಿನಚರಿಯಾಗಿ ಮಾಡಿದವು. ಸ್ಮೃತಿ ಸಾಲದೆ ಬಂದಾಗ, ಒಡೆಯನ ಕಣ್ಣೆದುರಿಗೆ ಇಲ್ಲದ ಆಪ್‌ಗಳನ್ನು ಅವುಗಳ ಪ್ರಾಮುಖ್ಯದ ಕ್ರಮದಿಂದ ಕೊಲ್ಲುವುದು. ಆದರೆ ಕಣ್ಮರೆಯಾಗುವ ಮೊದಲೇ ಪ್ರತಿ ಆಪ್‌ಗೂ "ನಿನ್ನ ಸ್ಥಿತಿಯನ್ನು ಬರೆದಿಟ್ಟುಕೋ" ಎಂದು ಸೂಚನೆ ಕೊಟ್ಟಿರುವುದು. ಒಡೆಯನು ಮತ್ತೆ ಬಂದಾಗ ಆ ಬರಹದಿಂದ ಅದನ್ನು ಪುನಃ ಹುಟ್ಟಿಸುವುದು. ಸತ್ತು ಹುಟ್ಟಿದ ವಿಷಯ ಒಡೆಯನಿಗೆ ತಿಳಿಯಲೂಬಾರದು. ದಿನಕ್ಕೆ ಎಷ್ಟೋ ಸಾರಿ ನಿಮ್ಮ ಫೋನಿನಲ್ಲಿ ಹೀಗಾಗುತ್ತಿದೆ. ನೀವು ಅದನ್ನು 'ಹ್ಯಾಂಗ್' ಎಂದು ಕರೆಯುವುದಿಲ್ಲ, ಏಕೆಂದರೆ ನಿಮಗೆ ಅದು ಕಾಣುವುದೇ ಇಲ್ಲ.

ನಮ್ಮ ಪ್ರಯೋಗಶಾಲೆಯ ಹುಡುಗನಿಗೆ ಕಂಡಿತು. ಕರೆ ಬಂದು ಅನಂತರ ಕ್ಯಾಮರಾ ತೆರೆದಾಗ ಸ್ಮೃತಿಯ ಬೇಡಿಕೆ ಏರಿತು. ಮರೆಯಲ್ಲಿದ್ದ ಅಳತೆಯ ಆಪ್ ಅನ್ನು ವ್ಯವಸ್ಥೆ ಕೊಂದಿತು. ಅದು ನಿಯಮದಂತೆಯೇ ಆಯಿತು. ತಪ್ಪು ಇದ್ದುದು ಅಳತೆಗಳನ್ನೆಲ್ಲ ಸ್ಮೃತಿಯಲ್ಲೇ ಇಟ್ಟುಕೊಂಡು ಒಂದನ್ನೂ ಬರೆದಿಡದ ಆಪ್‌ನದು. ವಿದ್ಯಾರ್ಥಿನಿಯ ಆಪ್ ಪ್ರತಿಯೊಂದು ಅಳತೆಯನ್ನೂ ಬಂದ ಹಾಗೆಯೇ ಶಾಶ್ವತ ಸಂಗ್ರಹಕ್ಕೆ ಸೇರಿಸುತ್ತಿತ್ತು. ಬೆಲೆಯುಳ್ಳ ಫೋನು, ಅಗ್ಗದ ಫೋನು ಎಂಬ ಭೇದ ಇಲ್ಲಿ ಏನೂ ಮಾಡಲಿಲ್ಲ. ಪ್ರಯೋಗದ ಪುಸ್ತಕದಲ್ಲಿ ಅಳತೆಗಳನ್ನು ಆಗಿಂದಾಗಲೇ ಶಾಯಿಯಲ್ಲಿ ಬರೆಯಿರಿ, ಬಿಡಿ ಹಾಳೆಯಲ್ಲಿ ಬೇಡ ಎಂದು ನಾವು ಅಧ್ಯಾಪಕರು ಗೊಣಗುವುದು ಇದೇ ಕಾರಣಕ್ಕೆ.

ಹಾಗಾದರೆ ಈ ಎರಡರಲ್ಲಿ ಯಾವುದು ಮೇಲು? ತತ್ತ್ವದಲ್ಲಿ ಎರಡೂ ಬಟ್ಟಲೊಳಗಣ ಗೋಲಿಗಳೇ ಎಂದು ನನ್ನ ಮತ. ಬಳಕೆಯಲ್ಲಿ ವ್ಯತ್ಯಾಸವಿದೆ. ಐಫೋನಿನ ಯಂತ್ರವನ್ನೂ ವ್ಯವಸ್ಥೆಯನ್ನೂ ಮಾಡುವವರು ಒಬ್ಬರೇ ಆದುದರಿಂದ ಒಂದಕ್ಕೊಂದು ಒಪ್ಪವಾಗಿ ಹೊಂದುತ್ತವೆ; ಮರೆಯಲ್ಲಿರುವ ಆಪ್‌ಗಳಿಗೆ ಅಲ್ಲಿ ಸ್ವಾತಂತ್ರ್ಯವೂ ಕಡಮೆ. ಆಂಡ್ರಾಯ್ಡನ್ನು ನೂರಾರು ತಯಾರಕರು ತಮತಮಗೆ ಬೇಕಾದಂತೆ ತಿದ್ದಿಕೊಳ್ಳುತ್ತಾರೆ. ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆಂದು ಜಾಹೀರಾತು ಮಾಡುವ ಸಲುವಾಗಿ, ಮರೆಯ ಆಪ್‌ಗಳನ್ನು ಅಗತ್ಯಕ್ಕಿಂತ ಕ್ರೂರವಾಗಿ ಕೊಲ್ಲುವಂತೆ ತಿದ್ದಿದವರೂ ಇದ್ದಾರೆ. ಬೆಳಗಿನ ಅಲಾರಂ ಹೊಡೆಯದೆ ಹೋಗುವುದು ಇಂತಹ ಕಡೆ. ಆದರೆ ಆ ಸಡಿಲಿಕೆಯಿಂದಲೇ ಅಗ್ಗದ ಫೋನುಗಳೂ ಸಾಧ್ಯವಾದವು, ನಮ್ಮ ಹಳ್ಳಿಗಳನ್ನೂ ಮುಟ್ಟಿದವು. ಕನ್ನಡದ ಬಳಕೆಯ ವಿಷಯದಲ್ಲಿ ಆಂಡ್ರಾಯ್ಡ್ ತಡವಾಗಿ ಕಣ್ತೆರೆಯಿತೆನ್ನಬೇಕು. 2012ರ ಸುಮಾರಿಗೆ ಅದು ನಮ್ಮ ಲಿಪಿಯನ್ನು ಸರಿಯಾಗಿ ಜೋಡಿಸಲು ಕಲಿಯುವ ಮೊದಲು, ಒತ್ತಕ್ಷರಗಳು ಅಕ್ಷರದ ಕೆಳಗೆ ಇಳಿಯದೆ ಪಕ್ಕದಲ್ಲಿ ಚೆಲ್ಲಾಪಿಲ್ಲಿಯಾಗಿ ಬೀಳುತ್ತಿದ್ದುದನ್ನು, ಅಕ್ಷರಗಳ ಬದಲು ಸಾಲುಸಾಲು ಖಾಲಿ ಚೌಕಗಳು ಕಾಣುತ್ತಿದ್ದುದನ್ನು ನಾನು ಕಂಡಿದ್ದೇನೆ. ಎಂದೂ ನಿಲ್ಲದ ಫೋನು ನಮ್ಮ ಮಾತನ್ನೇ ತೋರಿಸದಿದ್ದರೆ ಅದರ ಸ್ಥಿರತೆಯಿಂದ ನಮಗೇನು ಬಂತು?

ಬಟ್ಟಲಿನ ಆಳವು ಎಂದೆಂದಿಗೂ ಒಂದೇ ಸಮನಾಗಿರುವುದಿಲ್ಲ; ಯಂತ್ರಕ್ಕೆ ವಯಸ್ಸಾದಂತೆ ಅದು ತಗ್ಗುತ್ತದೆ. ಇದಕ್ಕೆ ಎರಡು ಕಾರಣಗಳು. ಮೊದಲನೆಯದು ಬ್ಯಾಟರಿ, ಭೌತವಿಜ್ಞಾನದ ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕಹಾಕಬಹುದು. ಬ್ಯಾಟರಿಯ ವಿದ್ಯುಚ್ಚಾಲಕ ಬಲವು 3.8 ವೋಲ್ಟು, ಆಂತರಿಕ ರೋಧ 0.1 ಓಮ್ ಎಂದಿಟ್ಟುಕೊಳ್ಳೋಣ. ಪರದೆ, ರೇಡಿಯೊ, ಪ್ರೊಸೆಸರು ಎಲ್ಲವೂ ಒಂದೇ ಕ್ಷಣದಲ್ಲಿ ಕೆಲಸಕ್ಕೆ ತೊಡಗಿ 3 ಆಂಪಿಯರ್ ಪ್ರವಾಹವನ್ನು ಕೇಳಿದರೆ, ಒಳಗೇ 0.3 ವೋಲ್ಟು ನಷ್ಟವಾಗಿ ಹೊರಗೆ 3.5 ವೋಲ್ಟು ದೊರೆಯುತ್ತದೆ. ಯಂತ್ರಕ್ಕೆ ಅಷ್ಟು ಸಾಕು. ಮೂರು ನಾಲ್ಕು ವರ್ಷ ಬಳಸಿದ ಮೇಲೆ ಒಳಗಿನ ರಾಸಾಯನಿಕ ಬದಲಾವಣೆಗಳಿಂದ ಆ ರೋಧವು 0.3 ಓಮಿಗೆ ಏರಿತೆನ್ನಿ. ಈಗ ಅದೇ ಪ್ರವಾಹಕ್ಕೆ ನಷ್ಟ 0.9 ವೋಲ್ಟು, ಹೊರಗೆ ಉಳಿಯುವುದು 2.9. ಯಂತ್ರವು 3.1 ವೋಲ್ಟಿಗಿಂತ ಕೆಳಗೆ ನಡೆಯಲಾರದ್ದಾಗಿದ್ದರೆ ಅದು ಆ ಕ್ಷಣವೇ ಆರಬೇಕು. ಕೊಡದಲ್ಲಿ ನೀರು ಇನ್ನೂ ಇದೆ. ಬಾಯಿ ಕಿರಿದಾಗಿದೆ, ಅಷ್ಟೆ. ಕಾಲುಭಾಗ ಉಳಿದಿದೆಯೆಂದು ತೋರಿಸುತ್ತಲೇ ವಿದ್ಯಾರ್ಥಿನಿಯ ಫೋನು ಆರಿಹೋದುದರ ಮರ್ಮ ಹೀಗೇ ಇರಬೇಕು. ಚಳಿಯಲ್ಲಿ ರೋಧವು ಇನ್ನೂ ಹೆಚ್ಚುತ್ತದೆ.

ಈ ಸಂಗತಿ ಒಮ್ಮೆ ಲೋಕಪ್ರಸಿದ್ಧವಾದ ವಿವಾದವೂ ಆಯಿತು. ಹಳೆಯ ಬ್ಯಾಟರಿಯುಳ್ಳ ಕೆಲವು ಐಫೋನುಗಳು ಹೀಗೆ ತಟ್ಟನೆ ಆರುತ್ತಿದ್ದುದರಿಂದ, 2017ರ ಆರಂಭದಲ್ಲಿ ಆಪಲ್ ಕಂಪನಿಯು ವ್ಯವಸ್ಥೆಯ ಹೊಸ ಆವೃತ್ತಿಯೊಂದರಲ್ಲಿ ಅಂತಹ ಫೋನುಗಳ ಪ್ರೊಸೆಸರಿನ ಉಚ್ಚತಮ ವೇಗವನ್ನು ತಗ್ಗಿಸಿತು. ವೇಗ ತಗ್ಗಿದರೆ ಪ್ರವಾಹ ತಗ್ಗುತ್ತದೆ, ನಷ್ಟ ತಗ್ಗುತ್ತದೆ, ಫೋನು ಆರುವುದಿಲ್ಲ. ಎಂಜಿನಿಯರಿಂಗಿನ ದೃಷ್ಟಿಯಿಂದ ಇದು ನಿರ್ದುಷ್ಟವಾದ ಉಪಾಯ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಕಾರಣವನ್ನು ಒಡೆಯರಿಗೆ ಸ್ಪಷ್ಟವಾಗಿ ತಿಳಿಸಲಿಲ್ಲ. ಫೋನು ನಿಧಾನವಾಯಿತೆಂದು ತಿಳಿದ ಜನ, ಬ್ಯಾಟರಿಯನ್ನಷ್ಟೇ ಬದಲಾಯಿಸಿದ್ದರೆ ಸಾಕಾಗುತ್ತಿದ್ದ ಕಡೆ, ಹೊಸ ಫೋನು ಕೊಳ್ಳಬೇಕೆಂದು ಭಾವಿಸುವ ಸಂಭವವಿತ್ತು. 2017ರ ಡಿಸೆಂಬರಿನಲ್ಲಿ ಕಂಪನಿಯು ಇದನ್ನು ಒಪ್ಪಿ, ಕ್ಷಮೆ ಕೋರಿ, ಬ್ಯಾಟರಿ ಬದಲಾಯಿಸುವ ದರವನ್ನು 79 ಡಾಲರಿನಿಂದ 29 ಡಾಲರಿಗೆ ಇಳಿಸಿತು. 2020ರಲ್ಲಿ ಫ್ರಾನ್ಸ್ ದೇಶವು 2.5 ಕೋಟಿ ಯೂರೋ ದಂಡ ವಿಧಿಸಿತು. ಯಂತ್ರವನ್ನು ಸ್ಥಿರವಾಗಿಟ್ಟು ಅದರ ಒಡೆಯನನ್ನು ಕತ್ತಲಲ್ಲಿಟ್ಟುದಕ್ಕಾಗಿ ತೆತ್ತ ಬೆಲೆಯಿದು. ಅದು ಸರಿಯಾದ ದಂಡವೆಂದೇ ನನ್ನ ಭಾವನೆ.

ಎರಡನೆಯ ಕಾರಣ ಇದಕ್ಕಿಂತ ಗಂಭೀರ. ಗೋಡೆಗಳಲ್ಲಿ ಬಿರುಕುಗಳಿರುತ್ತವೆ, ಕಾಲಕಾಲಕ್ಕೆ ಅವು ಪತ್ತೆಯಾಗುತ್ತವೆ, ಪತ್ತೆಯಾದಾಗ ಗಾರೆ ಮೆತ್ತಬೇಕು. 2015ರಲ್ಲಿ ಆಂಡ್ರಾಯ್ಡಿನಲ್ಲಿ ಸ್ಟೇಜ್‌ಫ್ರೈಟ್ ಎಂಬ ದೋಷ ಬಯಲಾಯಿತು. ಚಿತ್ರ ಮತ್ತು ಧ್ವನಿಗಳ ಕಡತವನ್ನು ಬಿಡಿಸಿ ಓದುವ ಭಾಗದಲ್ಲಿ ಅದು ಅಡಗಿತ್ತು. ವಿಶೇಷವಾಗಿ ರಚಿಸಿದ ಒಂದು ಸಂದೇಶವನ್ನು ಕಳುಹಿಸಿಯೇ ಫೋನಿನೊಳಕ್ಕೆ ಪ್ರವೇಶಿಸಬಹುದಾಗಿತ್ತು. ಆ ಭಾಗಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ಅಧಿಕಾರಗಳನ್ನು ಕೊಟ್ಟಿದ್ದುದರಿಂದ ಅಪಾಯ ದೊಡ್ಡದಾಯಿತು. ಮಾರನೆಯ ವರ್ಷದ ಏಳನೆಯ ಆವೃತ್ತಿಯಲ್ಲಿ ಅದನ್ನು ಹಲವು ಸಣ್ಣ ಕೋಣೆಗಳಾಗಿ ಒಡೆದರು. ಆ ಆಗಸ್ಟಿನಿಂದಲೇ ಗೂಗಲ್ ಕಂಪನಿ ತಿಂಗಳಿಗೊಮ್ಮೆ ದೋಷಗಳ ಪಟ್ಟಿಯನ್ನೂ ಪರಿಹಾರವನ್ನೂ ಪ್ರಕಟಿಸತೊಡಗಿತು.

ಪ್ರಕಟವಾದ ಪರಿಹಾರ ನಿಮ್ಮ ಫೋನಿಗೆ ತಲುಪಬೇಕಲ್ಲ! ಅದು ಪ್ರೊಸೆಸರು ಮಾಡಿದವರ ಕೈದಾಟಿ, ಫೋನು ಮಾಡಿದವರ ಕೈಗೆ ಬಂದು, ಅವರು ಮನಸ್ಸು ಮಾಡಿದರೆ ನಿಮಗೆ ಬರಬೇಕು. ಎಷ್ಟೋ ಅಗ್ಗದ ಫೋನುಗಳಿಗೆ ಎರಡು ವರ್ಷವಾಗುವುದರೊಳಗೆ ಅದು ನಿಂತುಹೋಗುತ್ತದೆ. ಈ ಹಾದಿಯನ್ನು ಸುಗಮಗೊಳಿಸಲು 2017ರಲ್ಲಿ ಆಂಡ್ರಾಯ್ಡಿನ ರಚನೆಯನ್ನೇ ಬದಲಾಯಿಸಿ, ಯಂತ್ರಕ್ಕೆ ಸಂಬಂಧಪಟ್ಟ ಭಾಗವನ್ನು ಉಳಿದುದರಿಂದ ಬೇರ್ಪಡಿಸಿದರು. 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೂ, 2024ರಲ್ಲಿ ಸ್ಯಾಮ್‌ಸಂಗ್ ತನ್ನ ಎಸ್24ಕ್ಕೂ ಏಳು ವರ್ಷಗಳ ಭರವಸೆ ಕೊಟ್ಟವು. 2013ರಲ್ಲಿ ಬಂದ ಐಫೋನ್ 5ಎಸ್‌ಗೆ ಆಪಲ್ 2023ರ ಜನವರಿಯಲ್ಲಿಯೂ ರಕ್ಷಣಾ ಪರಿಹಾರವೊಂದನ್ನು ಕಳುಹಿಸಿತು. ಇವೆಲ್ಲವೂ ಶ್ಲಾಘ್ಯ. ಆದರೆ ಇವೆಲ್ಲ ದುಬಾರಿಯ ಫೋನುಗಳೆಂಬುದನ್ನು ವಾಚಕರು ಗಮನಿಸಿರಬಹುದು. ಒಂದು ಫೋನನ್ನು ಏಳು ವರ್ಷ ಬಳಸಲೇಬೇಕಾದವನು ಬಡವ. ಏಳು ವರ್ಷದ ಭರವಸೆ ದೊರೆಯುವುದು ಎರಡು ವರ್ಷಕ್ಕೊಮ್ಮೆ ಫೋನು ಬದಲಾಯಿಸಬಲ್ಲವನಿಗೆ.

ನಮ್ಮಲ್ಲಿ ಬಿಸ್ಕತ್ತಿನ ಪೊಟ್ಟಣದ ಮೇಲೂ ತಯಾರಿಸಿದ ದಿನವನ್ನೂ ಎಷ್ಟು ದಿನದೊಳಗೆ ಉಪಯೋಗಿಸಬೇಕೆಂಬುದನ್ನೂ ಅಚ್ಚುಹಾಕಬೇಕು. ಫೋನಿನ ಪೆಟ್ಟಿಗೆಯ ಮೇಲೆ ಕ್ಯಾಮರಾದ ಮೆಗಾಪಿಕ್ಸೆಲ್ಲುಗಳು ದಪ್ಪ ಅಕ್ಷರಗಳಲ್ಲಿರುತ್ತವೆ. ಅದರ ಗೋಡೆಗಳಿಗೆ ಯಾವ ವರ್ಷದವರೆಗೆ ಗಾರೆ ಮೆತ್ತುತ್ತಾರೆಂಬುದನ್ನು ಅಲ್ಲಿ ಹುಡುಕಿದರೂ ಸಾಮಾನ್ಯವಾಗಿ ಸಿಗದು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ ತಿಂಗಳಿಂದ ಜಾರಿಯಲ್ಲಿರುವ ನಿಯಮವು, ಒಂದು ಮಾದರಿಯ ಮಾರಾಟ ನಿಂತ ಮೇಲೆಯೂ ಕನಿಷ್ಠ ಐದು ವರ್ಷ ವ್ಯವಸ್ಥೆಯ ಪರಿಷ್ಕರಣೆಗಳು ದೊರೆಯಬೇಕೆಂದು ಹೇಳುತ್ತದೆ. ನಾವು ಅಷ್ಟು ದೂರ ಹೋಗುವ ಮೊದಲು, ಕೊನೆಯ ಪಕ್ಷ ಆ ದಿನಾಂಕವನ್ನು ಬೆಲೆಯ ಪಕ್ಕದಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡ ಅಕ್ಷರಗಳಲ್ಲಿ ಅಚ್ಚುಹಾಕಲೇಬೇಕೆಂಬ ಕಾಯಿದೆಯಾದರೂ ಆಗಬೇಕು. ಅಲ್ಲಿಯವರೆಗೆ ಅಂಗಡಿಯವನನ್ನು ಕೇಳಿ. ಅವನಿಗೆ ತಿಳಿಯದಿದ್ದರೂ ಚಿಂತೆಯಿಲ್ಲ. ಹತ್ತು ಮಂದಿ ಕೇಳಿದರೆ ಹನ್ನೊಂದನೆಯವರು ಬರುವ ಹೊತ್ತಿಗೆ ತಿಳಿದುಕೊಂಡಿರುತ್ತಾನೆ.

ಮುಂದಿನ ವಾರ ತರಗತಿಯಲ್ಲಿ ಇದನ್ನೆಲ್ಲ ವಿವರಿಸಿ, ಎಲ್ಲರೂ ತಮ್ಮ ಫೋನಿನ ಸೆಟ್ಟಿಂಗ್ಸ್ ತೆರೆದು ಕೊನೆಯ ರಕ್ಷಣಾ ಪರಿಹಾರದ ದಿನಾಂಕವನ್ನು ನೋಡಬೇಕೆಂದು ಹೇಳಿದೆ. ಆ ವಿದ್ಯಾರ್ಥಿನಿ ತನ್ನ ಫೋನನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಗಾಜಿನಲ್ಲಿ ಒಂದು ಗೀರೂ ಇರಲಿಲ್ಲ. ಕಸೂತಿ ಹಾಕಿದ ಪುಟ್ಟ ಚೀಲದಲ್ಲಿ ಅದನ್ನು ಇಟ್ಟುಕೊಂಡಿದ್ದಳು. ಪರದೆಯ ಮೇಲಿದ್ದ ದಿನಾಂಕಕ್ಕೆ ಮೂರು ವರ್ಷ ಮೀರಿತ್ತು.

"ಬ್ಯಾಟರಿ ಹಾಕಿಸಿದರೆ ಸರಿಹೋಗುತ್ತದೆಯಲ್ಲ, ಸಾರ್?" ಎಂದಳು.

"ಆರುವುದು ನಿಲ್ಲುತ್ತದೆ. ದಿನಾಂಕ ಬದಲಾಗುವುದಿಲ್ಲ. ಲೋಲಕಕ್ಕೆ ಕಟ್ಟುವುದಕ್ಕೆ ಅಡ್ಡಿಯಿಲ್ಲ, ಹಣಕಾಸಿನ ವ್ಯವಹಾರವನ್ನು ಮಾತ್ರ ಇದರಲ್ಲಿ ಇಟ್ಟುಕೊಳ್ಳಬೇಡ" ಎಂದೆ.

"ಮನೆಯಲ್ಲಿರುವುದು ಇದೊಂದೇ, ಸಾರ್. ಡೈರಿಯ ಹಣ ಬಂದ ಮೆಸೇಜೂ ಇದಕ್ಕೇ ಬರುವುದು, ನನ್ನ ಸ್ಕಾಲರ್‌ಷಿಪ್ಪಿನ ಓಟಿಪಿಯೂ ಇದಕ್ಕೇ" ಎಂದು ಹೇಳಿ, ಫೋನನ್ನು ಮತ್ತೆ ಚೀಲದೊಳಗಿಟ್ಟುಕೊಂಡು ತನ್ನ ಜಾಗಕ್ಕೆ ಹೋದಳು.